ಕಪ್ಪು ಅಂಚಿನ ಲಕೋಟೆ

ಬಚ್ಚಲಲ್ಲಿದ್ದ ಸಾಬೂನಿನ ಮೇಲೆ ಕೆಂಪು ಗೆರೆಗಳಿದ್ದವು. ಮೀರಾಬಾಯಿ ಚಿಲಕ ಹಾಕಿಕೊಂಡು, ಅವು ಅಳಿಯುವವರೆಗೂ ಬೆರಳಿನಿಂದ ತಿಕ್ಕಿ ತೊಳೆದಳು. ಕೈ ಒರೆಸಿಕೊಳ್ಳುವಷ್ಟರಲ್ಲಿ ಹಿರಿಯ ಮಗ ಧನರಾಜ ಹೊರಗಿನಿಂದ ಕೂಗಿದ.

"ಅವ್ವಾ! ಬಾ ಇಲ್ಲಿ. ಏನ್ ಮಾಡಿ ಇಟ್ಟೀ ಇದು?"

ಪಡಸಾಲೆಯ ಮೇಜಿನ ಮೇಲೆ ಒಂದು ಲಕೋಟೆ. ಅಮೆರಿಕದ್ದು, ನೂರೈವತ್ತು ವರ್ಷ ಹಳೆಯದು, ಸುತ್ತ ಕಪ್ಪು ಅಂಚು. ಅದರ ನಾಲ್ಕೂ ಮೂಲೆಗೆ ದಪ್ಪಗೆ ಅರಿಶಿನ ಬಳಿದಿತ್ತು.

ಲಕೋಟೆ ತೀರಿಹೋದ ಕಿರಿಯ ಮಗ ಶರಣಕುಮಾರನದು. ವಿಚಿತ್ರ ಅಂಚೆ ಮುದ್ರೆ ಬಿದ್ದ ಹಳೆಯ ಅಮೆರಿಕನ್ ಲಕೋಟೆಗಳೆಂದರೆ ಅವನಿಗೆ ಹುಚ್ಚು. ಆ ಕಾಲದಲ್ಲಿ ಅಲ್ಲಿನ ಕೆಲವು ಪೋಸ್ಟ್ ಮಾಸ್ತರರು ಬಾಟಲಿಯ ಬಿರಡೆ ಕೆತ್ತಿ ತಮ್ಮದೇ ಮುದ್ರೆ ಮಾಡಿಕೊಳ್ಳುತ್ತಿದ್ದರಂತೆ. ನಕ್ಷತ್ರ, ತಲೆಬುರುಡೆ, ಜೇನುಹುಳ. ಇದರ ಮೇಲಿದ್ದುದು ಹೃದಯ. ಬಸವಕಲ್ಯಾಣದ ಈ ಮನೆಯಲ್ಲಿ ಅದನ್ನು ಮುಟ್ಟಲು ಅವನು ಬಿಟ್ಟಿದ್ದು ಹೆಂಡತಿ ಶೀತಲಳನ್ನು ಮಾತ್ರ. ಮದುವೆಯಾದ ವಾರವೇ ಕೈಗಿತ್ತು, "ಉಸಿರು ಹಿಡದು ನೋಡು" ಎಂದಿದ್ದ.

ಮೀರಾಬಾಯಿಗೆ ಕಪ್ಪು ಅಂಚು ಎಂದರೆ ಸೂತಕ. ಸಾವಿನ ಪತ್ರವನ್ನು ಹೊಸಿಲಾಚೆಯೇ ಹರಿದು ಹಾಕಬೇಕು. ಒಳಗೆ ಬರಬೇಕಾದದ್ದು ಮೂಲೆಗೆ ಅರಿಶಿನ ಹಚ್ಚಿದ ಮದುವೆಯ ಪತ್ರ. "ಒಂದಿನ ನಾನ ಇದಕ್ಕ ಅರಿಶಿನ ಬಡೀತೀನಿ ನೋಡು" ಎಂದು ಎಷ್ಟೋ ಸಲ ಬೈದಿದ್ದಳು. ಅವನು ನಗುತ್ತಿದ್ದ. ಏಳು ತಿಂಗಳ ಹಿಂದೆ ಹುಮನಾಬಾದ್ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆಗ ಶೀತಲಳ ಕೈಯಿಂದ ಅರಿಶಿನದ ಬಟ್ಟಲು ತೆಗೆದಿಟ್ಟವಳೂ ಮೀರಾಬಾಯಿಯೇ. ಬೇರೇನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ನಾಳೆ ಶೀತಲಳ ಅಣ್ಣ ನಿರ್ಣಾದಿಂದ ಬಂದು ಅವಳನ್ನು ತವರಿಗೆ ಕರೆದೊಯ್ಯುವವನಿದ್ದ. ಇಂದು ಫೈಜಲನೆಂಬ ವ್ಯಾಪಾರಿಗೆ ಲಕೋಟೆಗಳ ಮಾರಾಟ. ಎರಡೂ ಧನರಾಜನ ತೀರ್ಮಾನ. ಮೀರಾಬಾಯಿಯನ್ನು ಯಾರೂ ಕೇಳಿರಲಿಲ್ಲ.

ನಿನ್ನೆ ಶೀತಲ್ ಒಂದೇ ಮಾತು ಕೇಳಿದ್ದಳು. "ಭಾವಾರ, ಆ ಕಪ್ಪು ಅಂಚಿಂದು ಒಂದ ನಾ ಒಯ್ಯಲೇನ್ರಿ?"

"ಅದಿಲ್ಲಂದ್ರ ಫೈಜಲ ಇಲ್ಲೀತನ ಯಾಕ ಬರ್ತಾನ? ಬ್ಯಾರೆ ಯಾವದಾರ ತಗೊ."

ಅವಳು ಅಡುಗೆಮನೆಗೆ ತಿರುಗಿದಳು.

ಇಂದು ಫೈಜಲ ಹುಮನಾಬಾದಿನಿಂದ ಮೊದಲ ಬಸ್ಸಿಗೇ ಬಂದ. ಲಕೋಟೆ ನೋಡಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಯಾ ಅಲ್ಲಾ! ಬರಬಾದ್ ಮಾಡೀರಲ್ರಿ. ಇನ್ನ ಇದನ್ನ ಯಾರೂ ಮೂಸಿ ನೋಡಂಗಿಲ್ಲ."

"ಎಲ್ಲಾ ನಮ್ಮವ್ವನ ಕೆಲಸ." ಧನರಾಜ ಹಲ್ಲು ಕಡಿದ. "ಈ ಮನ್ಯಾಗ ಅರಿಶಿನ ಮುಟ್ಟಾಕಿ ಇನ್ಯಾರದಾರ? ನೀ ಅಲ್ಲಂದ್ರ ಆಣಿ ಮಾಡಿ ಹೇಳವ್ವಾ."

ಮೀರಾಬಾಯಿ ಗಂಡನ ಕಡೆ ನೋಡಿದಳು. ಮಹಾರುದ್ರಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಶೀತಲ್ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

"ಸೂತಕದ ಪತ್ರ ಹಂಗ ನೋಡಾಕ ಆಗಂಗಿಲ್ಲಪಾ," ಎಂದಳು ಮೀರಾಬಾಯಿ.

"ಇದ್ದಾಗೂ ಅವನ್ನ ಕಾಡಿದಿ. ಸತ್ತ ಮ್ಯಾಲೂ ಬಿಡವಲ್ಲಿ!"



ಫೈಜಲ ಉಳಿದವನ್ನು ಚೀಲಕ್ಕೆ ತುಂಬಿಕೊಂಡ. ಅವನನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೊರಟ ಧನರಾಜ, ಲಕೋಟೆಯನ್ನು ತಾಯಿಯ ಮಡಿಲಿಗೆ ಎಸೆದ. "ತಗೊ, ನಿನ್ನ ಮದವಿ ಪತ್ರ."

"ಹರದು ಒಗಿಯವ್ವಾ ಇದನ್ನ," ಎಂದು ಮೀರಾಬಾಯಿ ಹೊರಗೂ ಕೇಳುವಂತೆ ಹೇಳಿ ಸೊಸೆಗೆ ಕೊಟ್ಟಳು.

ಶೀತಲ್ ಹರಿಯಲಿಲ್ಲ. ಉಸಿರು ಹಿಡಿದು ನೋಡುತ್ತ ನಿಂತಳು. ಬೈಕಿನ ಸದ್ದು ಓಣಿ ದಾಟಿತು. ಮೀರಾಬಾಯಿ ಎದ್ದು, ಉಗುರಿನ ಸಂದಿಯಲ್ಲಿ ಕೆಂಪು ಉಳಿದಿದ್ದ ಸೊಸೆಯ ಬೆರಳುಗಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು.

"ಸಾಬೂನು ಹಚ್ಚಿದ್ರ ಅರಿಶಿನ ಕೆಂಪಾಗ್ತದವ್ವಾ. ಕಡ್ಲಿ ಹಿಟ್ಟು ಹಚ್ಚಿ ತಿಕ್ಕು."