ಖಾಲಿ ಬಿಟ್ಟ ನಾಲ್ಕು ಎಣಿಕೆ

"ನಿಲ್ಸಿ! ನಿಲ್ಸಿ!"

ಅಪ್ಪ ಕೂಗಿದ ರಭಸಕ್ಕೆ ಹದಿನೇಳು ವಾದ್ಯಗಳೂ ಒಮ್ಮೆಗೇ ಬಾಯಿ ಮುಚ್ಚಿದವು. ಜಾಝ್ ಸಂಯೋಜಕನಾದ ಅಪ್ಪನ ಕೊನೆಯ ಆಲ್ಬಂ, ಅದರ ಕೊನೆಯ ರಚನೆ. ಇದಾದ ಮೇಲೆ ಬ್ಯಾಂಡೂ ಇಲ್ಲ, ಗೀಂಡೂ ಇಲ್ಲ ಎಂದು ಅವನೇ ಸಾರಿಬಿಟ್ಟಿದ್ದ. ಸ್ಟುಡಿಯೋ ಕೈಯಲ್ಲಿರುವುದು ಇನ್ನು ಅರ್ಧ ಗಂಟೆ. ಮೂಲೆಯಲ್ಲಿದ್ದ ಮಗಳು ತಲೆಯೆತ್ತಿ ನೋಡಿದಳು. ಒಬ್ಬೊಬ್ಬರ ಪಾಲಿನ ಸ್ವರಗಳನ್ನೂ ನಕಲು ಮಾಡಿಕೊಟ್ಟವಳು ಅವಳೇ.

"ಟ್ರೊಂಬೋನಿನ ಹಾಳೇಲಿ ಇಲ್ಲಿ ಸ್ವರ ತುಂಬಿದ್ದು ಯಾರು?"

"ನಾನೇ ಅಪ್ಪಾ. ತಾಳದಲ್ಲಿ ನಾಲ್ಕು ಎಣಿಕೆ ಖಾಲಿ ಇತ್ತು. ಮರ್ತಿದ್ದೀಯ ಅಂದ್ಕೊಂಡೆ."

"ನಾನು ಮರೀತೀನಾ!" ಅಪ್ಪ ಜೇಬಿನಿಂದ ರಬ್ಬರ್ ತೆಗೆದು ಹಾಳೆ ಹರಿಯುವಂತೆ ಉಜ್ಜಿದ. "ಆ ನಾಲ್ಕು ಎಣಿಕೆ ಯಾರೂ ಮಿಸುಕಬಾರ್ದು."

ಟ್ರೊಂಬೋನ್ ಊದುವ ದಮ್ಮಣ್ಣ ಆ ಹಾಳೆಯನ್ನು ಮತ್ತೆ ತನ್ನ ಮುಂದಿಟ್ಟುಕೊಂಡ. ಇಪ್ಪತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಏರುಸ್ವರ ಮುಗಿದ ಕೂಡಲೇ ಅವನಿಗೆ ಕೆಮ್ಮು ಬಂದು ಧ್ವನಿಮುದ್ರಣ ಹಾಳಾಗಿತ್ತು. "ಕೆಮ್ಮೋಕೆ ನಿಂಗೆ ಮನೆ ಇಲ್ವಾ?" ಎಂದು ಅಪ್ಪ ಎಲ್ಲರೆದುರು ಹರಿಹಾಯ್ದಿದ್ದ. ಅಂದು ವಾದ್ಯ ಎತ್ತಿಕೊಂಡು ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಈ ಸಲ ಟ್ರೊಂಬೋನಿನ ಹಾಳೆಯ ಮೇಲೆ ‘ದಮ್ಮಣ್ಣ’ ಎಂದು ಬರೆದವನು ಅಪ್ಪನೇ. ಗೋಗರೆದು ಕರೆತರುವ ಕೆಲಸವನ್ನು ಮಾತ್ರ ಮಗಳ ತಲೆಗೆ ಕಟ್ಟಿದ್ದ.

ಅಪ್ಪನ ಕೈಯ ತಾಳ ತೋರುವ ಕಡ್ಡಿ ಮೇಲೆದ್ದಿತು. ಡ್ರಮ್ಮು ಗುಡುಗಿತು, ಸ್ಯಾಕ್ಸೊಫೋನುಗಳು ಅದರ ಬೆನ್ನು ಹತ್ತಿದವು, ಟ್ರಂಪೆಟ್ಟುಗಳ ಅಬ್ಬರಕ್ಕೆ ಗಾಜಿನ ಗೋಡೆಯೇ ಅದುರಿತು. ಮಗಳಿಗೆ ಕೂತಲ್ಲಿ ಕೂರಲಾಗಲಿಲ್ಲ. ದಮ್ಮಣ್ಣ ಎದ್ದು ನಿಂತ. ಸ್ವರ ಏರಿತು, ಇನ್ನೂ ಏರಿತು, ತುದಿ ಮುಟ್ಟಿತು. ಬ್ಯಾಂಡ್ ತಟ್ಟನೆ ಸುಮ್ಮನಾಯಿತು.

ಒಂದು. ದಮ್ಮಣ್ಣನ ಮುಖ ಕೆಂಪೇರಿತು. ಕಣ್ಣಲ್ಲಿ ನೀರು ತುಂಬಿತು. ಆದರೂ ಹಟ ಹಿಡಿದವನಂತೆ ತುಟಿ ಬಿಗಿದುಕೊಂಡೇ ನಿಂತಿದ್ದ.

ಎರಡು. ಅಪ್ಪ ಅವನತ್ತ ತಿರುಗಿ ಎಡಗೈ ಚಾಚಿದ, ಟ್ರಂಪೆಟ್ಟಿನವರಿಗೆ ‘ಈಗ ನೀವು’ ಎಂದು ಸನ್ನೆ ಮಾಡುವ ಹಾಗೆ.

ದಮ್ಮಣ್ಣ ಕೆಮ್ಮಿದ. ಮನಸಾರೆ ಕೆಮ್ಮಿದ. ನಾಲ್ಕರ ಎಣಿಕೆ ಮುಗಿಯುತ್ತಲೇ ಇಡೀ ಬ್ಯಾಂಡ್ ಸಿಡಿದೆದ್ದಿತು. ಮಗಳು ಅಳುತ್ತ ನಗುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

ಎಲ್ಲ ಮುಗಿದ ಮೇಲೆ ಗಾಜಿನಾಚೆಯಿಂದ ಧ್ವನಿಮುದ್ರಣದವನು ಮೈಕಿನಲ್ಲಿ ಹೇಳಿದ: "ಸರ್, ಸೂಪರ್! ಆದ್ರೆ ಮಧ್ಯ ಕೆಮ್ಮು ಸೇರ್ಕೊಂಡಿದೆ. ಟೈಮಿದೆ, ಇನ್ನೊಂದ್ಸಲ ತಗೊಳ್ಳೋಣ್ವಾ?"

"ಬೇಡಪ್ಪಾ," ಅಪ್ಪ ಕಡ್ಡಿ ಕೆಳಗಿಟ್ಟ. "ಎಣಿಕೆಗೆ ಸರಿಯಾಗೇ ಬಂದಿದೆ."