ತಿರುವಿನ ದೇವರು

ಊರ ಮುಂದಿನ ತಿರುವಿನಲ್ಲಿ ಗಂಡ ಅದಿರಿನ ಲಾರಿಗೆ ಸಿಕ್ಕು ಸತ್ತ ದಿನ, ಪೊಲೀಸರು ಸತ್ತವನ ಹೆಸರು ಕೇಳಿದಾಗ ಮುದುಕಿ ಬಾಯಿಗೆ ಸೆರಗು ಅಡ್ಡ ಹಿಡಿದು ಪಕ್ಕದ ಮನೆಯವಳತ್ತ ನೋಡಿದ್ದಳು.

"ಹೊನ್ನೂರಪ್ಪ ಅಂತ ಬರ್ಕೊಳ್ರಿ. ಐವತ್ತು ವರ್ಷದಾಗ ಒಮ್ಮೆನೂ ಆಕಿ ಗಂಡನ ಹೆಸರು ಹೇಳಿಲ್ಲ," ಎಂದಳು ಪಕ್ಕದ ಮನೆಯವಳು.

ಆ ತಿರುವಿನಲ್ಲೇ ಶಾಲೆಯ ಮಕ್ಕಳು ರಸ್ತೆ ದಾಟಬೇಕು. ಹಂಪ್ ಹಾಕಿಸಿರೆಂದು ಊರವರು ಮೂರು ಅರ್ಜಿ ಕೊಟ್ಟರೂ ಯಾರೂ ಬರಲಿಲ್ಲ. ಒಂದು ನಸುಕಿನಲ್ಲಿ ಮುದುಕಿ, ಗಂಡ ಕುಳಿತು ಮೀಯುತ್ತಿದ್ದ ಬಚ್ಚಲ ಕಲ್ಲನ್ನು ಒಬ್ಬಳೇ ಉರುಳಿಸಿಕೊಂಡು ಹೋಗಿ, ತಿರುವಿನಲ್ಲಿ ನಿಲ್ಲಿಸಿ, ವಿಭೂತಿ ಬಳಿದು ಹೂವಿಟ್ಟು ಬಂದಳು. ಅಂದಿನಿಂದ ಡ್ರೈವರುಗಳು ಅಲ್ಲಿ ಲಾರಿ ನಿಧಾನ ಮಾಡಿ, ಕೈಮುಗಿದು ಮುಂದೆ ಹೋಗತೊಡಗಿದರು.

ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ ಆಕೆ ದಿನವೂ ಬಂದು ಕಲ್ಲು ತೊಳೆಯುತ್ತಿದ್ದಳು. "ಸುಳ್ಳು ದೇವ್ರನ್ನ ನಿಲ್ಲಿಸೀನಿ, ಹೊಟ್ಟ್ಯಾಗ ಹಾಕ್ಕೋ ಶಿವನೇ," ಎಂದು ಬೇಡಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಡ್ರೈವರೊಬ್ಬ ತೆಂಗಿನಕಾಯಿ ಹಿಡಿದು ಇಳಿದ.

"ಅಜ್ಜೀ, ಯಾವ ದೇವ್ರಬೇ ಇದು?"

"ದೇವ್ರು, ಅಷ್ಟೇ. ಕಾಯಿ ಒಡದು ಹೋಗಪ್ಪ."

"ಹೆಸರು ಹೇಳದ ಹೆಂಗ ಒಡೀಲಿ? ಹೆಸರಿಲ್ಲಂದ್ರ ಇದು ಬರೇ ಕಲ್ಲು. ನಾಳಿಂದ ನಾ ಯಾಕ ಗಾಡಿ ನಿಧಾನ ಮಾಡ್ಲಿ?"

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಸುಳ್ಳಿಗೆ ಶಿವನ ಹೆಸರಿಡಲು ಆಕೆಯ ನಾಲಿಗೆ ಹೊರಳಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಹೊನ್ನೂರಪ್ಪ," ಎಂದಳು.