ಉಳಿದ ಇಪ್ಪತ್ತು ನಿಮಿಷ

ತಾನೇ ಬೇಡ ಎಂದುಬಿಡಲೇ, ಮಗಳೇ ಹೇಳಲಿ ಎಂದು ಕಾಯಲೇ? ಓಟದ ಕೋಚ್‌ಗೆ ತೋಚಲಿಲ್ಲ. "ಇನ್ನೂ ಇಪ್ಪತ್ತು ನಿಮಿಷ ಇದೆ, ಮಾತು ಮುಂದುವರಿಸೋಣ್ವಾ?" ಎಂದು ಆಪ್ತಸಮಾಲೋಚಕಿ ಮಗಳನ್ನು ಕೇಳಿದ್ದರು. ಹದಿನೈದರ ಹುಡುಗಿಗೆ ವರ್ಷದಿಂದ ಬಿಡದ ಆಯಾಸದ ಕಾಯಿಲೆ. ಆದರೂ ಯಾರು ಏನು ಕೇಳಿದರೂ ಹೂಂ ಎಂದುಬಿಡುತ್ತಿದ್ದಳು; ಆಮೇಲೆ ಮೂರು ದಿನ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ.

ಅವಳು ಮಡಿಲಲ್ಲಿದ್ದ ಕೈಯನ್ನು ಮುಷ್ಟಿ ಕಟ್ಟಲು ನೋಡಿದಳು. ಬೆರಳುಗಳು ಪೂರ್ತಿ ಮಡಚಿಕೊಳ್ಳಲಿಲ್ಲ. "ಸಾಕು ಮೇಡಂ. ಇನ್ನೊಂಚೂರು ಶಕ್ತಿ ಇದೆ, ಅದು ಮನೆ ಮೆಟ್ಟಿಲು ಹತ್ತೋಕೆ ಬೇಕು. ಉಳಿದ ಟೈಮು ಅಪ್ಪಂಗೆ ಕೊಡಿ. ಪಾಪ, ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾರೆ," ಎಂದು ನಕ್ಕು, ಹೊರಗಿನ ಬೆಂಚಿನ ಮೇಲೆ ಮಲಗಲು ಹೋದಳು.

"ನೋಡಿದ್ರಾ ನನ್ನ ಮಗಳನ್ನ!" ಕೋಚ್‌ನ ಎದೆ ಉಬ್ಬಿತು. "ಹದಿನೆಂಟು ವರ್ಷದಿಂದ ಮಕ್ಕಳಿಗೆ ಓಡೋದು ಕಲಿಸ್ತಿದೀನಿ. ಎಲ್ಲಿ ನಿಲ್ಲಬೇಕು ಅಂತ ಒಬ್ಬರಿಗೂ ಹೇಳಿಕೊಟ್ಟಿಲ್ಲ. ಇವಳು ಕಲಿತ್ಲು ನೋಡಿ!"

ಸಮಯ ಮುಗಿಯುವವರೆಗೂ ಅವನು ಮಗಳನ್ನು ಹೊಗಳಿದ್ದೇ ಹೊಗಳಿದ್ದು. ಮೊದಲ ಆರು ತಿಂಗಳು ಅವಳದು ಬರೀ ಸೋಮಾರಿತನವೆಂದು ತಾನು ನಂಬಿದ್ದನ್ನು ಮಾತ್ರ ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.